ಸಾಕುನಾಯಿಗೆ ಜೇನು ಕುಟುಕಿದರೆ

ಹಾರಾಡುವುದೆಲ್ಲ ನಾಯಿಗೆ ಆಟದ ವಸ್ತು. ಕಂಡದ್ದಕ್ಕೆಲ್ಲ ಬಾಯಿ ಹಾಕುವ ಚಪಲದಿಂದ ಜೇನುಹುಳು, ಕಣಜಗಳಿಂದ ಅದು ಕುಟುಕಿಸಿಕೊಳ್ಳುವುದು ಸಾಮಾನ್ಯವಾಗಿ ಮೂತಿ, ತುಟಿ, ನಾಲಿಗೆ ಅಥವಾ ಪಾದಕ್ಕೆ. ಕುಯ್‌ಗುಟ್ಟುತ್ತ ಮುಖವನ್ನು ನೆಲಕ್ಕೆ ಉಜ್ಜುತ್ತದೆ. ಸ್ವಲ್ಪ ಹೊತ್ತಿನಲ್ಲೇ ಮೂತಿ ಊದಿಕೊಳ್ಳುತ್ತದೆ. ಪಶುವೈದ್ಯರು ದೂರವಿದ್ದಾಗ ಮನೆಯವರು ನಮ್ಮಂಥ ವೈದ್ಯರನ್ನೇ ಕೇಳುವುದುಂಟು: ‘ಡಾಕ್ಟರೇ, ಮನೆಯಲ್ಲಿ ನೋವಿನ ಮಾತ್ರೆ ಇದೆ, ಅರ್ಧ ಕೊಡಬಹುದೇ?’ ಖಂಡಿತ ಕೊಡಬಾರದು. ಒಂದು ಹುಳುವಿನ ಕುಟುಕಿಗಿಂತ ಆ ಮಾತ್ರೆಯೇ ಹೆಚ್ಚು ಅಪಾಯ ತಂದೀತು.

ಪ್ರಥಮ ಚಿಕಿತ್ಸೆ

ಜೇನಿನ ಮುಳ್ಳು ಚರ್ಮದಲ್ಲೇ ಉಳಿದುಬಿಡುತ್ತದೆ. ಅದಕ್ಕೆ ಅಂಟಿಕೊಂಡ ವಿಷದ ಚೀಲ ಹುಳು ಹಾರಿಹೋದ ಮೇಲೂ ವಿಷವನ್ನು ಒಳಗೆ ತಳ್ಳುತ್ತಿರುತ್ತದೆ. ಆದ್ದರಿಂದ ಮುಳ್ಳು ಕಂಡೊಡನೆ ಉಗುರಿನಿಂದಲೋ ಗಟ್ಟಿ ರಟ್ಟಿನ ಅಂಚಿನಿಂದಲೋ ಕೆರೆದು ತೆಗೆಯಿರಿ. ಕಣಜ ಮುಳ್ಳು ಬಿಡುವುದಿಲ್ಲ. ಆದರೆ ಮತ್ತೆ ಮತ್ತೆ ಕುಟುಕಬಲ್ಲದು. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಊದಿದ ಜಾಗದ ಮೇಲೆ ಸುಮಾರು 10 ನಿಮಿಷ ಇಡಿ. ನೋವಿನಲ್ಲಿರುವ ನಾಯಿ ಯಜಮಾನನನ್ನೂ ಕಚ್ಚಬಹುದು, ಎಚ್ಚರವಿರಲಿ. ಹಾಗೆಂದು ಉಸಿರಾಟಕ್ಕೆ ತೊಂದರೆಯಿದ್ದಾಗ, ವಾಂತಿಯಾಗುತ್ತಿದ್ದಾಗ ಬಾಯಿ ಕಟ್ಟಬಾರದು.

ಕುಟುಕಿದಲ್ಲಿ ಸುಣ್ಣ ಹಚ್ಚುವುದು, ಈರುಳ್ಳಿ ತಿಕ್ಕುವುದು ನಮ್ಮಲ್ಲಿ ರೂಢಿ. ನಾಯಿ ಹಚ್ಚಿದ್ದನ್ನೆಲ್ಲ ನೆಕ್ಕುತ್ತದೆ. ಸುಣ್ಣ ನಾಲಿಗೆಯನ್ನು ಸುಡುತ್ತದೆ. ಈರುಳ್ಳಿ ಹೊಟ್ಟೆಗೆ ಹೆಚ್ಚು ಹೋದರೆ ನಾಯಿಯ ಕೆಂಪು ರಕ್ತಕಣಗಳು ನಾಶವಾಗುತ್ತವೆ. ಎರಡೂ ಬೇಡ.

ನಮ್ಮ ಮಾತ್ರೆ ಅದಕ್ಕಲ್ಲ

ಐಬುಪ್ರೊಫೆನ್, ಡೈಕ್ಲೊಫೆನಾಕ್ ಮಾತ್ರೆಗಳು ನಾಯಿಯ ಜಠರದಲ್ಲಿ ಹುಣ್ಣು ಮಾಡಿ, ಮೂತ್ರಪಿಂಡಗಳನ್ನು ಕೆಡಿಸಬಲ್ಲವು. ಪ್ಯಾರಾಸಿಟಮಾಲ್ ಪ್ರಮಾಣ ಮೀರಿದರೆ ಯಕೃತ್ತಿಗೂ ರಕ್ತಕ್ಕೂ ಹಾನಿ. ಬೆಕ್ಕಿಗಂತೂ ಅದು ಪ್ರಾಣಾಂತಿಕ. ಅಲರ್ಜಿಗೆ ನಾವು ನುಂಗುವ ಕೆಲವು ಔಷಧಿಗಳನ್ನು ಪಶುವೈದ್ಯರೂ ಬಳಸುತ್ತಾರೆ, ನಿಜ. ಆದರೆ ಪ್ರಮಾಣ ನಾಯಿಯ ತೂಕವನ್ನು ಅವಲಂಬಿಸಿದೆ, ಅವರೇ ಹೇಳಬೇಕು. ನೆಗಡಿಯ ಮಿಶ್ರ ಮಾತ್ರೆಗಳನ್ನಂತೂ ಮುಟ್ಟಲೇಬೇಡಿ.

ಅಪಾಯದ ಚಿಹ್ನೆಗಳು

ಒಂದೆರಡು ಕುಟುಕಿನ ಊತ ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಇಳಿಯುತ್ತದೆ. ಆದರೆ ಕೆಲವು ನಾಯಿಗಳಿಗೆ ಒಂದೇ ಕುಟುಕು ತೀವ್ರ ಅಲರ್ಜಿ ತರುತ್ತದೆ. ಹೀಗಾಗುವುದು ಹೆಚ್ಚಾಗಿ ಮೊದಲ ಅರ್ಧ ಗಂಟೆಯೊಳಗೆ. ನಾಯಿಗಳಲ್ಲಿ ಇದು ವಾಂತಿ, ಭೇದಿಯಿಂದಲೇ ಆರಂಭವಾಗಬಹುದು. ತಿಂದದ್ದು ಜೀರ್ಣವಾಗಿಲ್ಲವೆಂದು ಸುಮ್ಮನಿರಬೇಡಿ. ವಸಡು ಬಿಳಿಚುವುದು, ತೂರಾಡುವುದು, ಉಸಿರಾಟದ ಕಷ್ಟ, ಕುಸಿದು ಬೀಳುವುದು ಇವು ಕಂಡರೆ ತಡಮಾಡದೆ ಪಶುವೈದ್ಯರಲ್ಲಿಗೆ ಒಯ್ಯಿರಿ. ಆಗ ಬೇಕಾದುದು ಅಡ್ರಿನಲಿನ್ ಚುಚ್ಚುಮದ್ದು. ಮಾತ್ರೆಯಿಂದ ಆಗುವ ಕೆಲಸವಲ್ಲ. ಬಾಯೊಳಗೆ, ಗಂಟಲಲ್ಲಿ ಕುಟುಕಿದ್ದರೆ ಊತದಿಂದ ಶ್ವಾಸಮಾರ್ಗ ಮುಚ್ಚಬಹುದಾದ್ದರಿಂದ ಚಿಹ್ನೆಗಳಿಗೆ ಕಾಯದೆ ಹೊರಡುವುದೇ ಲೇಸು.

ಹೆಜ್ಜೇನಿನ ದಾಳಿ

ಮರದಲ್ಲೋ ಎತ್ತರದ ಕಟ್ಟಡದಲ್ಲೋ ಗೂಡು ಕಟ್ಟುವ ಹೆಜ್ಜೇನು ಎದ್ದರೆ ಕಟ್ಟಿಹಾಕಿದ ನಾಯಿಗೆ ಓಡುವ ದಾರಿಯಿಲ್ಲ. ಅಂಥ ಕಡೆ ನಾಯಿಯನ್ನು ಕಟ್ಟಲೇಬೇಡಿ. ಕುಟುಕಿದ ಮುಳ್ಳಿನ ವಾಸನೆ ಮತ್ತಷ್ಟು ಹುಳುಗಳನ್ನು ಸೆಳೆಯುತ್ತದೆ. ಬರಿಗೈಯಲ್ಲಿ ಬಿಡಿಸಲು ಹೋದವರ ಪ್ರಾಣಕ್ಕೂ ಅಪಾಯ. ಕಂಬಳಿ ಹೊದ್ದು ಮುಖ ಮುಚ್ಚಿಕೊಳ್ಳಿ. ಸಾಧ್ಯವಾದರೆ ನಾಯಿಯನ್ನು ಬಿಚ್ಚಿ ಒಳಗೆ ಸೇರಿಸಿ ಬಾಗಿಲು ಹಾಕಿ. ಹತ್ತಾರು ಕುಟುಕಾಗಿದ್ದರೆ ನಾಯಿ ಚೆನ್ನಾಗಿ ಕಂಡರೂ ಪಶುವೈದ್ಯರಿಗೆ ತೋರಿಸಬೇಕು. ವಿಷದಿಂದ ರಕ್ತಕಣಗಳು ಒಡೆದು ಮೂತ್ರಪಿಂಡ ಕೆಡುವುದು ಮುಂದಿನ ಎರಡು ಮೂರು ದಿನಗಳಲ್ಲಿ ಗೊತ್ತಾಗಬಹುದು. ಮೂತ್ರ ಕೆಂಪು ಅಥವಾ ಕಂದು ಬಣ್ಣಕ್ಕೆ ತಿರುಗುವುದು ಅದರ ಸೂಚನೆ.

ಹತ್ತಿರದ ಪಶುವೈದ್ಯರ ದೂರವಾಣಿ ಸಂಖ್ಯೆಯನ್ನು ಇಂದೇ ಬರೆದು ಗೋಡೆಗೆ ಅಂಟಿಸಿಡಿ. ನಾಯಿಯ ಪಾಲಿಗೆ ನಿಮ್ಮ ಮಾತ್ರೆ ಡಬ್ಬಿಗಿಂತ ಆ ಚೀಟಿಯೇ ಹೆಚ್ಚು ಉಪಯೋಗಕ್ಕೆ ಬರುತ್ತದೆ.