ತರಗತಿಯಲ್ಲಿ ಮೊಬೈಲ್ ಫೋನು ಮತ್ತು ವಿದ್ಯಾರ್ಥಿಗಳ ಕಲಿಕೆ

ದೆಹಲಿಯ ಕರೋಲ್ ಬಾಗ್ ಪ್ರದೇಶದ ಗಫಾರ್ ಮಾರುಕಟ್ಟೆಯು ಮೊಬೈಲ್ ಫೋನುಗಳ ಮಾರಾಟಕ್ಕೂ ದುರಸ್ತಿಗೂ ಹೆಸರಾದುದು. ಹೊಸದು, ಹಳೆಯದು, ಎಲ್ಲ ಬೆಲೆಯ ಫೋನುಗಳೂ ಅಲ್ಲಿ ದೊರೆಯುತ್ತವೆ. ಆ ಮಾರುಕಟ್ಟೆಯ ಸುತ್ತಲಿನ ಬೀದಿಗಳಲ್ಲಿ ಶಾಲೆಗಳೂ ತರಬೇತಿ ಕೇಂದ್ರಗಳೂ ಇವೆ. ಇಷ್ಟು ಸುಲಭವಾಗಿ ಕೈಗೆ ಬರುವ ಈ ಸಾಧನವು ತರಗತಿಯನ್ನು ಪ್ರವೇಶಿಸಿದಾಗ ಕಲಿಕೆಯ ಮೇಲೆ ಆಗುವ ಪರಿಣಾಮವೇನೆಂಬುದನ್ನು ಪೋಷಕರು ತಿಳಿದಿರುವುದು ಅಗತ್ಯ.

ಕಲಿಕೆಗೆ ಮೊದಲು ಬೇಕಾದುದು ಅವಧಾನ. ಗಣಿತದ ಪಾಠದಲ್ಲಿ ಪ್ರತಿಯೊಂದು ಹಂತವೂ ಹಿಂದಿನ ಹಂತವನ್ನು ಅವಲಂಬಿಸಿರುತ್ತದೆ. ಅಧ್ಯಾಪಕರು ಸಮೀಕರಣದ ಎರಡನೆಯ ಸಾಲನ್ನು ಬರೆಯುತ್ತಿರುವಾಗ ಫೋನು ಕಂಪಿಸಿ, ವಿದ್ಯಾರ್ಥಿಯು ಸಂದೇಶವನ್ನು ಓದಿ ತಲೆಯೆತ್ತುವಷ್ಟರಲ್ಲಿ ನಾಲ್ಕನೆಯ ಸಾಲು ಬಂದಿರುತ್ತದೆ. ಅರ್ಧ ನಿಮಿಷದಲ್ಲಿ ಇಡೀ ಲೆಕ್ಕವೇ ಅವನ ಕೈತಪ್ಪಿ ಹೋಗುತ್ತದೆ.

ಈ ಹಾನಿ ಫೋನು ಹಿಡಿದವನಿಗಷ್ಟೇ ಸೀಮಿತವಾಗಿರುವುದಿಲ್ಲ. ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಸ್ಥೆಯು 2022ರಲ್ಲಿ ಅನೇಕ ದೇಶಗಳ 15 ವರ್ಷದ ವಿದ್ಯಾರ್ಥಿಗಳಿಗೆ ನಡೆಸಿದ ಪೀಸಾ ಪರೀಕ್ಷೆಯಲ್ಲಿ ಭಾರತ ಭಾಗವಹಿಸಿರಲಿಲ್ಲ. ಆದರೂ ಅದರ ಫಲಿತಾಂಶ ಗಮನಾರ್ಹ. ಸಂಸ್ಥೆಯ ಸದಸ್ಯ ದೇಶಗಳಲ್ಲಿ ಸರಾಸರಿ ಶೇಕಡಾ 59ರಷ್ಟು ವಿದ್ಯಾರ್ಥಿಗಳು, ಗಣಿತದ ಕೆಲವು ತರಗತಿಗಳಲ್ಲಾದರೂ ಸಹಪಾಠಿಗಳು ಫೋನು ಮೊದಲಾದ ಸಾಧನಗಳನ್ನು ಬಳಸುವುದರಿಂದ ತಮ್ಮ ಗಮನ ಚದುರುತ್ತದೆಂದು ತಿಳಿಸಿದರು. ಇಂತಹವರ ಗಣಿತದ ಅಂಕಗಳು ಉಳಿದವರಿಗಿಂತ ಸುಮಾರು 15ರಷ್ಟು ಕಡಿಮೆಯಾಗಿದ್ದವು. ಅಂದರೆ ಫೋನೇ ಇಲ್ಲದ ಮಗುವೂ ನೆರೆಯವನ ಫೋನಿಗೆ ಬೆಲೆ ತೆರಬೇಕಾಗುತ್ತದೆ.

ಹಾಗಾದರೆ ನಿಷೇಧವೇ ಪರಿಹಾರವೆ? ಇಂಗ್ಲೆಂಡಿನ 4 ನಗರಗಳ 91 ಶಾಲೆಗಳನ್ನು ಕುರಿತು 2015ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಫೋನನ್ನು ನಿಷೇಧಿಸಿದ ಬಳಿಕ ಪರೀಕ್ಷಾ ಫಲಿತಾಂಶ ಉತ್ತಮಗೊಂಡಿತು. ಓದಿನಲ್ಲಿ ಹಿಂದುಳಿದವರಿಗೆ ಇದರಿಂದ ಹೆಚ್ಚು ಲಾಭವಾಯಿತು. ಮುಂದಿದ್ದವರಲ್ಲಿ ವ್ಯತ್ಯಾಸ ಕಾಣಲಿಲ್ಲ. ಸ್ವೀಡನ್ನಿನಲ್ಲಿ ಮುಂದೆ ನಡೆದ ಅಧ್ಯಯನದಲ್ಲಿ ಮಾತ್ರ ಇಂತಹ ಲಾಭ ಗೋಚರಿಸಲಿಲ್ಲ.

ದೆಹಲಿಯ ಶಿಕ್ಷಣ ನಿರ್ದೇಶನಾಲಯವು 2023ರ ಆಗಸ್ಟ್‌ನಲ್ಲಿ ಹೊರಡಿಸಿದ ಸಲಹಾಪತ್ರದಲ್ಲಿ, ವಿದ್ಯಾರ್ಥಿಗಳು ಶಾಲೆಗೆ ಫೋನು ತಾರದಂತೆ ನೋಡಿಕೊಳ್ಳಬೇಕೆಂದೂ, ತಂದಲ್ಲಿ ಅದನ್ನು ಬೀಗವಿರುವ ಕಪಾಟಿನಲ್ಲಿ ಇರಿಸಿ ಶಾಲೆ ಬಿಡುವಾಗ ಹಿಂದಿರುಗಿಸಬೇಕೆಂದೂ ತಿಳಿಸಿತು. ಅಧ್ಯಾಪಕರೂ ಪಾಠದ ವೇಳೆಯಲ್ಲಿ ಫೋನು ಬಳಸಬಾರದೆಂಬ ಮಾತು ಅದರಲ್ಲಿದೆ. ಬಹಳ ಮಂದಿ ಇದನ್ನು ಮರೆಯುತ್ತಾರೆ. 2025ರ ಫೆಬ್ರವರಿಯಲ್ಲಿ ದೆಹಲಿ ಉಚ್ಚ ನ್ಯಾಯಾಲಯವು, ಸಂಪೂರ್ಣ ನಿಷೇಧವು ಅಪೇಕ್ಷಣೀಯವೂ ಅಲ್ಲ, ಕಾರ್ಯಸಾಧ್ಯವೂ ಅಲ್ಲ ಎಂದು ಅಭಿಪ್ರಾಯಪಟ್ಟಿತು. ಮಕ್ಕಳ ಸುರಕ್ಷತೆಗೂ ಪೋಷಕರ ಸಂಪರ್ಕಕ್ಕೂ ಫೋನು ಉಪಯುಕ್ತವೆಂದು ಒಪ್ಪಿದ ನ್ಯಾಯಾಲಯ, ತರಗತಿಯಲ್ಲಿ ಮಾತ್ರ ಅದರ ಬಳಕೆ ಕೂಡದೆಂದಿತು.

ಪಾಠದ ನಡುವೆ ಬರುವ ಕರೆಗಳಲ್ಲಿ ಮನೆಯವರ ಕರೆಗಳೂ ಇರುತ್ತವೆ. ತುರ್ತು ಸಂದರ್ಭಕ್ಕೆಂದು ಶಾಲೆಗಳು ಸಹಾಯವಾಣಿಯ ಸಂಖ್ಯೆಯನ್ನು ಒದಗಿಸಬಹುದೆಂದು ನಿರ್ದೇಶನಾಲಯವು ಸೂಚಿಸಿದೆ. ಪೋಷಕರು ಆ ಸಂಖ್ಯೆಯನ್ನು ಶಾಲೆಯಿಂದ ಕೇಳಿ ಪಡೆದು, ಮಗುವಿನ ಫೋನಿಗೆ ಬದಲಾಗಿ ಅಲ್ಲಿಗೇ ಕರೆಮಾಡುವುದು ಯುಕ್ತ.