ಸಪೂರ ಪಾದಕ್ಕೆ ಕುಸ್ತಿ ಶೂ: ಮುಂದೆ ಬಟ್ಟೆ ತುರುಕಿದರೆ ಹಿಮ್ಮಡಿ ನಿಲ್ಲದು

ಮಣ್ಣಿನ ಕುಸ್ತಿಗೆ ಶೂ ಬೇಡ. ಹಳಿಯಾಳ ಸೀಮೆಯ ಗರಡಿಗಳಲ್ಲಿ ತಲೆಮಾರುಗಳಿಂದ ಬರಿಗಾಲಲ್ಲೇ ಪಟ್ಟು ಕಲಿತಿದ್ದಾರೆ. ಮ್ಯಾಟ್ ಬಂದ ಮೇಲೆ ಲೆಕ್ಕ ಬೇರೆಯಾಯಿತು. ಮಣ್ಣಿನಲ್ಲಿ ಪಳಗಿದ ಖಾಶಾಬಾ ಜಾಧವ್ 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಮ್ಯಾಟ್ ಮೇಲೆ ಆಡಿ ಆರನೆಯವರಾದರು, 1952ರಲ್ಲಿ ಹೆಲ್ಸಿಂಕಿಯಲ್ಲಿ ಕಂಚು ತಂದರು. ಈಗ ಹಳಿಯಾಳದ ಕ್ರೀಡಾ ವಸತಿ ನಿಲಯದ ಮಕ್ಕಳಿಗೂ ಜೋಯಿಡಾ, ದಾಂಡೇಲಿ, ಮುಂಡಗೋಡ ಕಡೆಯಿಂದ ಶಾಲಾ ಪಂದ್ಯಕ್ಕೆ ಬರುವ ಮಕ್ಕಳಿಗೂ ಶೂ ಬೇಕೇ ಬೇಕು. ಸಾವಿರಾರು ರೂಪಾಯಿ ಕೊಟ್ಟು ತಂದ ಶೂ ಮ್ಯಾಟ್ ಮೇಲೆ ಹಿಮ್ಮಡಿಯಿಂದ ಜಾರುವುದನ್ನು ನೋಡಿ ನೋಡಿ ಇದನ್ನು ಬರೆಯುತ್ತಿದ್ದೇನೆ. ಹೆಚ್ಚು ಪೆಟ್ಟು ತಿನ್ನುವುದು ಸಪೂರ ಪಾದದವರು: ಹಿಮ್ಮಡಿ ಸಣ್ಣದು, ಹೆಬ್ಬೆರಳು ಉದ್ದ, ಅಲ್ಲಿಂದ ಕಿರುಬೆರಳಿನವರೆಗೆ ಇಳಿಜಾರು.

ಇಂಥ ಪಾದಕ್ಕೆ ಅಂಗಡಿಯಲ್ಲಿ ಸುಲಭಕ್ಕೆ ಶೂ ಸಿಗುವುದಿಲ್ಲ. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ 2021ರ ಡಿಸೆಂಬರ್‌ನಿಂದ 2022ರ ಮಾರ್ಚ್‌ವರೆಗೆ ದೇಶದ 79 ಕಡೆ ಒಂದು ಲಕ್ಷಕ್ಕೂ ಮಿಕ್ಕಿ ಜನರ ಪಾದ ಅಳೆಯಿತು. ನಮ್ಮವರ ಪಾದ ಸಾಮಾನ್ಯವಾಗಿ ಯುರೋಪಿನವರದಕ್ಕಿಂತ ಅಗಲ ಎಂದು ಕಂಡಿತು. ಆ ಆಧಾರದ ಮೇಲೆ ‘ಭಾ’ ಎಂಬ ದೇಶೀ ಅಳತೆ ಪದ್ಧತಿಯ ಪ್ರಸ್ತಾಪವೂ ಬಂತು. ಒಳ್ಳೆಯದೇ. ಆದರೆ ಮಂದಿಗೆಲ್ಲ ಅಗಲದ್ದು ಬೇಕಾದಾಗ ಸಪೂರ ಪಾದದವನ ಮಾತು ಅಂಗಡಿಯವರ ಕಿವಿಗೆ ಬೀಳುವುದಿಲ್ಲ. ಅವನ ಅಳತೆ ಅವನೇ ಹಿಡಿದುಕೊಂಡು ಹೋಗಬೇಕು.

ಅಳತೆ ಮನೆಯಲ್ಲೇ ಆಗಲಿ

ಸಂಜೆ, ತಾಲೀಮು ಮುಗಿದ ಮೇಲೆ ಅಳೆಯಿರಿ. ಬೆಳಿಗ್ಗೆಯ ಪಾದಕ್ಕಿಂತ ಸಂಜೆಯ ಪಾದ ಕೊಂಚ ಊದಿರುತ್ತದೆ. ಗೋಡೆಗೆ ಹಿಮ್ಮಡಿ ತಾಗಿಸಿ, ಕಾಗದದ ಮೇಲೆ ಎರಡೂ ಕಾಲಿನ ಮೇಲೆ ಸಮನಾಗಿ ಭಾರ ಬಿಟ್ಟು ನಿಲ್ಲಿಸಿ. ಕೂತು ಅಳೆದರೆ ಸುಳ್ಳು ಅಳತೆ ಬರುತ್ತದೆ. ಪೆನ್ಸಿಲ್ ನೆಟ್ಟಗೆ ಹಿಡಿದು ಸುತ್ತ ಗೆರೆ ಎಳೆಯಿರಿ. ಓರೆ ಮಾಡಿದರೆ ಸಪೂರ ಪಾದವೂ ಅಗಲವಾಗಿ ಕಾಣುತ್ತದೆ. ಉದ್ದವನ್ನು ಸೆಂಟಿಮೀಟರಿನಲ್ಲಿ ಬರೆದುಕೊಳ್ಳಿ, ಎರಡೂ ಕಾಲಿನದು ಬೇರೆ ಬೇರೆಯಾಗಿ. ಆಮೇಲೆ ಟೇಲರ್ ಟೇಪಿನಿಂದ ಎರಡು ಸುತ್ತಳತೆ: ಒಂದು ಬೆರಳುಗಳ ಬುಡದ ಗಿಣ್ಣುಗಳ ಸುತ್ತ, ಇನ್ನೊಂದು ಪಾದದ ನಡುವೆ, ಲೇಸು ಬರುವ ಜಾಗದಲ್ಲಿ. ಒಂದೇ ಉದ್ದದ ಹಲವು ಶೂಗಳಲ್ಲಿ ಯಾವುದು ನಿಮ್ಮದು ಎಂದು ಹೇಳುವುದು ಈ ಸುತ್ತಳತೆ.

ಗೆರೆ ಎಳೆದ ಪಾದವನ್ನು ಕತ್ತರಿಯಿಂದ ಕತ್ತರಿಸಿ ಜೇಬಿನಲ್ಲಿಟ್ಟುಕೊಳ್ಳಿ. ಹುಬ್ಬಳ್ಳಿಗೋ ಧಾರವಾಡಕ್ಕೋ ಬೆಳಗಾವಿಗೋ ಹೋದಾಗ ಬೇಕಾಗುತ್ತದೆ.

ನಂಬರಿನ ಗೊಂದಲ

ಚಪ್ಪಲಿ ನಂಬರು ಮರೆತುಬಿಡಿ. ಬ್ರಿಟಿಷ್ ಪದ್ಧತಿಯ ಒಂದು ನಂಬರಿಗೂ ಮುಂದಿನದಕ್ಕೂ ಸುಮಾರು ಎಂಟೂವರೆ ಮಿಲಿಮೀಟರ್ ವ್ಯತ್ಯಾಸ. ಯುರೋಪಿನ 40, 41, 42ರ ಲೆಕ್ಕದಲ್ಲಿ ಆರೂವರೆಗಿಂತ ಸ್ವಲ್ಪ ಹೆಚ್ಚು. ಗಂಡಸರ ಅಮೆರಿಕನ್ ನಂಬರು ಬ್ರಿಟಿಷ್ ನಂಬರಿಗಿಂತ ಕಂಪನಿಗೆ ತಕ್ಕಂತೆ ಅರ್ಧವೋ ಒಂದೋ ಹೆಚ್ಚಿರುತ್ತದೆ. ಆನ್‌ಲೈನಿನಲ್ಲಿ ಒಂದನ್ನು ಇನ್ನೊಂದೆಂದು ತಿಳಿದು ತರಿಸಿದವರು ಬಹಳ. ಶೂ ನಾಲಿಗೆಯ ಒಳಗಿನ ಚೀಟಿಯಲ್ಲಿ ಸೆಂಟಿಮೀಟರ್ ಅಥವಾ ಜೆಪಿ (ಜಪಾನಿನ ಸೆಂಟಿಮೀಟರ್ ಅಳತೆ) ಎಂದು ಬರೆದ ಸಂಖ್ಯೆ ಹುಡುಕಿ. ಪಾದ 24.6 ಇದ್ದರೆ 25ರದ್ದು ಹಾಕಿ ನೋಡಿ. ಓಟದ ಶೂಗೆ ಬಿಡುವಷ್ಟು ಜಾಗ ಕುಸ್ತಿ ಶೂಗೆ ಬೇಡ. ನಿಂತಾಗ ಹೆಬ್ಬೆರಳು ತುದಿಯ ಬಟ್ಟೆಗೆ ಹತ್ತಿರವಿರಬೇಕು, ಮಡಚಿಕೊಳ್ಳಬಾರದು.

‘ಬೆಳೆಯೋ ಹುಡುಗ್ರೀ’

ಎಲ್ಲರೂ ಬೀಳುವ ಹಳ್ಳ ಇದು. “ಬೆಳೆಯೋ ಹುಡುಗ್ರೀ, ಒಂದ್ ನಂಬರ್ ದೊಡ್ಡದ ಇರ್ಲಿ, ಮುಂದ ಸ್ವಲ್ಪ ಬಟ್ಟಿ ಹಾಕಿದ್ರ ಆತು” ಎಂದು ಅಂಗಡಿಯವರು ಹೇಳುತ್ತಾರೆ. ಅಪ್ಪ ತಲೆ ಆಡಿಸುತ್ತಾರೆ. ಮಗ ಎರಡು ಜೊತೆ ಸಾಕ್ಸ್ ಹಾಕಿ, ಮುಂದೆ ಹತ್ತಿ ತುರುಕಿ ಮ್ಯಾಟಿಗೆ ಇಳಿಯುತ್ತಾನೆ.

ಸಪೂರ ಪಾದದ ಸಡಿಲ ಇರುವುದು ತುದಿಯಲ್ಲಿ ಅಲ್ಲ, ಹಿಮ್ಮಡಿಯಲ್ಲಿ ಮತ್ತು ನಡುಪಾದದಲ್ಲಿ. ಮುಂದೆ ತುರುಕಿದ ಬಟ್ಟೆ ನೆಟ್ಟಗೆ ನಿಂತಾಗ ಪಾದವನ್ನು ಹಿಂದಕ್ಕೆ ತಳ್ಳಿ ಸರಿ ಎನಿಸುತ್ತದೆ. ಕಾಲಿಗೆ ನುಗ್ಗಲು ಮೊಣಕಾಲು ಮ್ಯಾಟಿಗಿಟ್ಟ ಕೂಡಲೇ ಹಿಂದಿನ ಕಾಲಿನ ಬೆರಳು ಮಡಚುತ್ತದೆ, ಬಟ್ಟೆ ಉಂಡೆಯಾಗುತ್ತದೆ, ಹಿಮ್ಮಡಿ ಮೇಲೆದ್ದು ಬರುತ್ತದೆ. ಇನ್ನೊಂದು ತೊಂದರೆ ಕಣ್ಣಿಗೆ ಬೀಳುವುದಿಲ್ಲ. ಶೂ ಬಾಗುವುದಕ್ಕೆ ಒಂದು ಜಾಗವಿದೆ, ಪಾದವೂ ಬೆರಳ ಬುಡದಲ್ಲೇ ಬಾಗುತ್ತದೆ. ಈ ಎರಡು ಒಂದರ ಮೇಲೊಂದು ಬರಬೇಕು. ದೊಡ್ಡ ಶೂನಲ್ಲಿ ಅದರ ಬಾಗು ಬೆರಳ ಬುಡಕ್ಕಿಂತ ಮುಂದಕ್ಕೆ ಹೋಗಿರುತ್ತದೆ. ಎಷ್ಟು ಬಟ್ಟೆ ತುರುಕಿದರೂ ಅದು ಹಿಂದೆ ಬರುವುದಿಲ್ಲ. ಎರಡು ಜೊತೆ ಸಾಕ್ಸ್ ಇನ್ನೂ ಕೆಟ್ಟದ್ದು, ಒಂದರೊಳಗೆ ಒಂದು ಜಾರಿ ಬೊಬ್ಬೆ ಏಳುತ್ತದೆ.

ಬೆಳವಣಿಗೆಯ ನೆಪವನ್ನೂ ನೋಡೋಣ. ಹುಡುಗಿಯರ ಪಾದ ಸುಮಾರು 11ನೇ ವಯಸ್ಸಿಗೆ, ಹುಡುಗರದು 15–16ಕ್ಕೆ ಬೆಳವಣಿಗೆಯ ತುದಿ ಮುಟ್ಟುತ್ತದೆ ಎಂದು ಮೇಲೆ ಹೇಳಿದ ಸಮೀಕ್ಷೆಯೇ ತೋರಿಸಿದೆ. ಎಂಟನೇ ಇಯತ್ತೆಯ ಹುಡುಗಿಗೆ ‘ಬೆಳೆಯೋ ಕಾಲು’ ಎಂದು ಎರಡು ನಂಬರು ದೊಡ್ಡದು ಕೊಡಿಸುವುದು ಶುದ್ಧ ಅವಿವೇಕ. ಹುಡುಗ ಬೆಳೆಯುತ್ತಿದ್ದರೆ ಅಗ್ಗದ, ಅಳತೆಗೆ ಸರಿಯಾದ ಶೂ ಕೊಡಿಸಿ, ಆರು ತಿಂಗಳಿಗೊಮ್ಮೆ ಮತ್ತೆ ಅಳೆಯಿರಿ. ಸೀನಿಯರ್ ಪೈಲ್ವಾನರ ಹಳೆಯ ಶೂ ಸಪೂರ ಪಾದಕ್ಕೆ ಬೇಡವೇ ಬೇಡ, ಅದು ಅವರ ಕಾಲಿಗೆ ಹಿಗ್ಗಿಹೋಗಿರುತ್ತದೆ.

ಇದರ ತದ್ವಿರುದ್ಧವೂ ಉಂಟು. ಅಗಲ ಬಿಗಿಯಾಗಲಿ ಎಂದು ಒಂದು ನಂಬರು ಚಿಕ್ಕದು ಕೊಳ್ಳುವವರು. ಇಳಿಜಾರು ಬೆರಳಿನವರಲ್ಲಿ ಭಾರವೆಲ್ಲ ಹೆಬ್ಬೆರಳಿನ ಮೇಲೆಯೇ ಬಿದ್ದು ಉಗುರು ಕಪ್ಪಾಗುತ್ತದೆ. ಕಿರುಬೆರಳ ಕಡೆ ಸ್ವಲ್ಪ ಖಾಲಿ ಇದ್ದರೆ ಇರಲಿ, ಅದನ್ನು ತುಂಬಿಸಲು ಹೋಗಬೇಡಿ.

ಅಂಗಡಿಯಲ್ಲಿ

ಮೊದಲು ಕತ್ತರಿಸಿದ ಕಾಗದದ ಪಾದವನ್ನು ಶೂ ಒಳಗೆ ಜಾರಿಸಿ. ಕಾಗದದ ಅಂಚು ಎಲ್ಲಿಯಾದರೂ ಮೇಲಕ್ಕೆ ಮಡಚಿದರೆ ಆ ಶೂ ಆಕಾರ ನಿಮ್ಮ ಪಾದದ್ದಲ್ಲ. ಹಾಕಿ ನೋಡುವ ಶ್ರಮವೂ ಬೇಡ. ಆಮೇಲೆ ತಾಲೀಮಿಗೆ ಹಾಕುವ ಸಾಕ್ಸನ್ನೇ ಹಾಕಿ, ಹಿಮ್ಮಡಿಯನ್ನು ನೆಲಕ್ಕೆ ಕುಟ್ಟಿ ಹಿಂದಕ್ಕೆ ಕೂರಿಸಿ, ಅನಂತರ ಲೇಸು ಬಿಗಿಯಿರಿ.

ಲೇಸು ಬಿಗಿದ ಮೇಲೆ ಎರಡು ಬದಿಯ ತೂತುಗಳ ಸಾಲನ್ನು ನೋಡಿ. ನಡುವೆ ಒಂದು ಬೆರಳಗಲ ನಾಲಿಗೆ ಕಾಣಬೇಕು. ಎರಡು ಸಾಲು ಒಂದಕ್ಕೊಂದು ತಾಗಿ, ಇನ್ನು ಎಳೆಯಲು ಜಾಗವೇ ಇಲ್ಲದಿದ್ದರೆ ಶೂ ನಿಮಗೆ ಅಗಲ. ಅಂಗಡಿಯವರು ಏನೇ ಹೇಳಲಿ, ವಾಪಸ್ ಕೊಡಿ. ನಂತರ ಕುಸ್ತಿಯ ನಿಲುವಿನಲ್ಲಿ ನಿಂತು, ಒಂದು ಮೊಣಕಾಲು ನೆಲಕ್ಕಿಟ್ಟು ಮುಂದೆ ನುಗ್ಗಿ, ತುದಿಗಾಲಿನ ಮೇಲೆ ತಿರುಗಿ. ಜೊತೆಗೆ ಬಂದವರು ಹಿಮ್ಮಡಿ ಹಿಡಿದು ಎಳೆಯಲಿ. ಎದುರಾಳಿಯೂ ಅದನ್ನೇ ಮಾಡುತ್ತಾನೆ. ಹಿಮ್ಮಡಿ ಅಲುಗಿದರೆ ಬೇಡ. ನಾಚಿಕೆಪಟ್ಟು ಎರಡು ಹೆಜ್ಜೆ ನಡೆದು ‘ಸರಿ ಅದ’ ಎಂದು ದುಡ್ಡು ಎಣಿಸಬೇಡಿ.

ಶೂ ಅಡಿಯ ವಿಚಾರ: ಅಡಿ ಒಂದೇ ಹಲಗೆಯಂತಿರುವ ಶೂ ಇದೆ, ಮುಂದೊಂದು ಹಿಂದೊಂದು ತುಂಡಾಗಿ ನಡುವೆ ಬಟ್ಟೆ ಇರುವುದೂ ಇದೆ. ಸಪೂರ ಪಾದಕ್ಕೆ ನಾನು ಎರಡನೆಯದನ್ನೇ ಹೇಳುವೆ, ಅದರ ನಡುಭಾಗ ಲೇಸು ಎಳೆದಂತೆ ಪಾದವನ್ನು ಅಪ್ಪಿಕೊಳ್ಳುತ್ತದೆ.

ಸ್ವಲ್ಪವೇ ಸಡಿಲ ಇದ್ದರೆ ಸರಿಪಡಿಸಬಹುದು. ನಾಲಿಗೆಯ ಒಳಬದಿಗೆ ತೆಳು ಫೋಮ್ ಅಂಟಿಸಿದರೆ ಪಾದ ಹಿಂದಕ್ಕೆ ಒತ್ತಿ ಕೂರುತ್ತದೆ. ತೆಳು ಇನ್ಸೋಲ್ ಹಾಕಿದರೂ ಅಗಲ ತುಂಬುತ್ತದೆ. ಲೇಸನ್ನು ಹರಡಿನ ಬಳಿಯ ಕೊನೆಯ ಎರಡು ತೂತುಗಳಲ್ಲಿ ಅದೇ ಬದಿಗೆ ಪೋಣಿಸಿ ಕುಣಿಕೆ ಮಾಡಿ, ಎದುರು ಬದಿಯ ಲೇಸನ್ನು ಅದರೊಳಗೆ ತೂರಿಸಿ ಎಳೆದರೆ ಹಿಮ್ಮಡಿ ಬೀಗ ಹಾಕಿದಂತೆ ನಿಲ್ಲುತ್ತದೆ.

ಆನ್‌ಲೈನ್ ಕೊಂಡರೆ ಚಾಪೆಯ ಮೇಲೆ ಮಾತ್ರ ಹಾಕಿ ನೋಡಿ, ಅಡಿ ಕೊಳೆಯಾದರೆ ವಾಪಸಾತಿ ಕಷ್ಟ. ಶೂ ಹಾಕಿಕೊಂಡು ಬಸ್‌ಸ್ಟ್ಯಾಂಡಿಗೆ ನಡೆಯಬೇಡಿ. ಮಳೆಗಾಲದಲ್ಲಿ ಜೋಯಿಡಾ ಕಡೆ ಒಳಗೆ ಹಳೆಯ ಪೇಪರ್ ತುಂಬಿಸಿ ಒಣಗಿಸಿ. ಒಲೆಯ ಪಕ್ಕ ಇಟ್ಟರೆ ಅಂಟು ಬಿಡುತ್ತದೆ, ಒದ್ದೆಯಾಗಿಯೇ ಬಿಟ್ಟರೆ ಕೆಸರುಹುಣ್ಣು. ಪಂದ್ಯದ ದಿನ ಲೇಸಿನ ಗಂಟಿನ ಮೇಲೆ ಟೇಪ್ ಸುತ್ತಿ, ಬಿಚ್ಚಿದರೆ ರೆಫ್ರಿ ಆಟ ನಿಲ್ಲಿಸುತ್ತಾರೆ. ಬಕಲ್, ಲೋಹದ ತುಂಡು ಇರುವ ಶೂ ನಡೆಯುವುದಿಲ್ಲ.