ಎತ್ತರಿಸಿದ ಸಣ್ಣ ಜೀಪಿಗೆ ದೊಡ್ಡ ಟೈರು: ಕೊಳ್ಳುವ ಮುನ್ನ ಮಾಡಬೇಕಾದ ಲೆಕ್ಕ

ಬೆಂಗಳೂರಿನ ದಕ್ಷಿಣ ಭಾಗದ ಕತ್ರಿಗುಪ್ಪೆ ಹಿಂದೆ ಹೊಲ ತೋಟಗಳಿದ್ದ ಹಳ್ಳಿ. ಈಗ ಅದು ಬನಶಂಕರಿ 3ನೇ ಹಂತದೊಡನೆ ಬೆರೆತ ಬಡಾವಣೆ; ಹೊರವರ್ತುಲ ರಸ್ತೆ ಅಲ್ಲಿಯೇ ಹಾದುಹೋಗುತ್ತದೆ. ಇಂತಹ ಬಡಾವಣೆಗಳಲ್ಲಿ ವಾಸವಿದ್ದು ಹಾರೋಹಳ್ಳಿ, ಕನಕಪುರ, ಮಾಗಡಿ ಕಡೆಗಳಲ್ಲಿ ಬೇಸಾಯ ಮಾಡಿಸುವ ಕುಟುಂಬಗಳುಂಟು. ವಾರವೆಲ್ಲ ಡಾಂಬರು ರಸ್ತೆ, ಭಾನುವಾರ ಮಣ್ಣಿನ ದಾರಿ. ಎರಡಕ್ಕೂ ಒಂದೇ ವಾಹನ ಸಾಕೆಂದು ನಾಲ್ಕು ಚಕ್ರಗಳಿಗೂ ಎಳೆತವಿರುವ ಸಣ್ಣ ಜೀಪನ್ನು ಕೊಳ್ಳುವುದು ಸಹಜ. ಮಳೆಗಾಲದಲ್ಲಿ ಒಮ್ಮೆ ಹೊಟ್ಟೆ ನೆಲಕ್ಕೆ ತಾಗಿ ಜೀಪು ನಿಂತಿತೆಂದರೆ ಅದನ್ನು ಎತ್ತರಿಸುವ ಯೋಚನೆ ಬರುತ್ತದೆ. ಎತ್ತರಿಸಿದ ಮೇಲೆ ದೊಡ್ಡ ಟೈರು ಹಾಕುವ ಆಸೆ ಹುಟ್ಟುತ್ತದೆ.

ಐದು ಟೈರುಗಳ ಬೆಲೆ ಸಣ್ಣ ಮೊತ್ತವಲ್ಲ. ಅದಕ್ಕಿಂತ ಮುಖ್ಯವಾಗಿ, ಫಸಲು ಮತ್ತು ಮನೆಮಂದಿಯನ್ನು ಕೂರಿಸಿಕೊಂಡು ಇಳಿಜಾರಿನಲ್ಲಿ ಬರುವಾಗ ಗಾಡಿಯನ್ನು ನೆಲಕ್ಕೆ ಹಿಡಿದಿಡುವುದು ಟೈರೇ. ಆದ್ದರಿಂದ ಅಂಗಡಿಗೆ ಹೋಗುವ ಮುನ್ನವೇ ಲೆಕ್ಕ ಹಾಕಿ ನಿರ್ಧರಿಸುವುದು ಒಳ್ಳೆಯದು.

ಎತ್ತರ ಎಲ್ಲಿಂದ ಬರುತ್ತದೆ?

ಸ್ಪ್ರಿಂಗು ಬದಲಿಸಿ ಜೀಪನ್ನು 50 ಮಿ.ಮೀ. ಎತ್ತರಿಸಿದರೆ ಮೇಲೇಳುವುದು ಗಾಡಿಯ ಮೈ ಮಾತ್ರ. ಹಳೆಯ ಮಾರುತಿ ಜಿಪ್ಸಿಯಲ್ಲಿ, 2023ರಲ್ಲಿ ಭಾರತದ ಮಾರುಕಟ್ಟೆಗೆ ಬಂದ ಐದು ಬಾಗಿಲಿನ ಜಿಮ್ನಿಯಲ್ಲಿ, ಹಿಂದೆಯೂ ಮುಂದೆಯೂ ಎರಡು ಚಕ್ರಗಳನ್ನು ಸೇರಿಸುವ ಗಟ್ಟಿ ಆಕ್ಸಲು ಇರುತ್ತದೆ. ಆಕ್ಸಲಿನಲ್ಲಿ ಗುಂಡಗೆ ಉಬ್ಬಿರುವ ಡಿಫರೆನ್ಷಿಯಲ್ ಹೌಸಿಂಗು ನೆಲಕ್ಕೆ ಬಹಳ ಹತ್ತಿರದ ಭಾಗ. ಟ್ರ್ಯಾಕ್ಟರು ಓಡಾಡಿ ಕೊರೆದ ಜಾಡಿನಲ್ಲಿ ನಡುದಿಣ್ಣೆಗೆ ಮೊದಲು ತಗಲುವುದು ಅದೇ. ಸ್ಪ್ರಿಂಗು ಎಷ್ಟೇ ಎತ್ತರವಾದರೂ ಆಕ್ಸಲು ಒಂದು ಕೂದಲಿನಷ್ಟೂ ಮೇಲೇಳುವುದಿಲ್ಲ. ಅದನ್ನು ಎತ್ತುವುದು ಟೈರು ಮಾತ್ರ. ಅದೂ ಟೈರಿನ ಎತ್ತರ ಹೆಚ್ಚಿದುದರಲ್ಲಿ ಅರ್ಧದಷ್ಟು. ಅರ್ಧ ಏಕೆಂದರೆ ಆಕ್ಸಲು ಇರುವುದು ಚಕ್ರದ ನಡುವೆ.

2020ರ ಮಹೀಂದ್ರ ಥಾರ್‌ನಂತಹ ಗಾಡಿಗಳಲ್ಲಿ ಹಿಂದೆ ಗಟ್ಟಿ ಆಕ್ಸಲು, ಮುಂದೆ ಎರಡು ಚಕ್ರಗಳೂ ಬೇರೆ ಬೇರೆಯಾಗಿ ಆಡುವ ಏರ್ಪಾಡು ಇದೆ. ಅಲ್ಲಿ ಸ್ಪ್ರಿಂಗು ಎತ್ತರಿಸಿದಾಗ ಮುಂದಿನ ಡಿಫರೆನ್ಷಿಯಲ್ ಕೂಡ ಮೇಲೇಳುತ್ತದೆ. ಆದರೆ ಚಕ್ರಕ್ಕೆ ಹೋಗುವ ಶಾಫ್ಟುಗಳು ಹೆಚ್ಚು ಓರೆಯಾಗಿ ಬೇಗ ಸವೆಯುತ್ತವೆ.

ಟೈರಿನ ಮೇಲಿನ ಅಂಕಿ ಓದುವ ಬಗೆ

ಜಿಮ್ನಿಗೆ ಕಾರ್ಖಾನೆಯಿಂದ ಬರುವ ಟೈರಿನ ಮೇಲೆ 195/80 ಆರ್ 15 ಎಂದಿರುತ್ತದೆ. 195 ಎಂದರೆ ಟೈರಿನ ಅಗಲ, ಮಿ.ಮೀ.ನಲ್ಲಿ. 80 ಎಂದರೆ ಪಕ್ಕೆಯ ಎತ್ತರ ಅಗಲದ ಶೇಕಡ 80ರಷ್ಟು, ಅಂದರೆ 156 ಮಿ.ಮೀ. ‘ಆರ್’ ಎಂಬುದು ರೇಡಿಯಲ್ ಟೈರಿನ ಗುರುತು. 15 ಎಂದರೆ ರಿಮ್ಮಿನ ವ್ಯಾಸ, ಅಂಗುಲದಲ್ಲಿ. ಅದು 381 ಮಿ.ಮೀ.ಗೆ ಸಮ. ರಿಮ್ಮಿಗೆ ಎರಡು ಪಕ್ಕೆಗಳನ್ನು ಕೂಡಿಸಿದರೆ ಒಟ್ಟು ಎತ್ತರ 693 ಮಿ.ಮೀ. ಇದೇ ರೀತಿ ಇತರ ಅಳತೆಗಳನ್ನೂ ಲೆಕ್ಕ ಹಾಕಬಹುದು:

195/80 ಆರ್ 15: ಒಟ್ಟು ಎತ್ತರ 693 ಮಿ.ಮೀ. (ಮೂಲ ಟೈರು)
215/75 ಆರ್ 15: ಒಟ್ಟು ಎತ್ತರ 704 ಮಿ.ಮೀ.; ಆಕ್ಸಲು ಮೇಲೇಳುವುದು 5 ಮಿ.ಮೀ.
235/75 ಆರ್ 15: ಒಟ್ಟು ಎತ್ತರ 734 ಮಿ.ಮೀ.; ಆಕ್ಸಲು ಮೇಲೇಳುವುದು 20 ಮಿ.ಮೀ.

ಈ ಪಟ್ಟಿ ಹೇಳುವುದು ಸ್ಪಷ್ಟ. ನೋಡಲು ಭಾರಿ ಎನಿಸುವ 235ರ ಟೈರಿನಿಂದ ಆಕ್ಸಲಿಗೆ ದೊರೆಯುವ ಲಾಭ ಹೆಬ್ಬೆರಳಿನ ಅಗಲದಷ್ಟು. 215ರ ಟೈರಿನಿಂದ ದೊರೆಯುವುದು ಅದರ ಕಾಲು ಭಾಗ.

ಅಳತೆಯ ನಂತರ ಬರುವ ಅಂಕಿ ಮತ್ತು ಅಕ್ಷರವನ್ನೂ ಗಮನಿಸಬೇಕು. ಉದಾಹರಣೆಗೆ 96 ಎಸ್. ಇದರಲ್ಲಿ 96 ಎಂಬುದು ಒಂದು ಟೈರು 710 ಕಿಲೋ ಭಾರ ತಾಳುತ್ತದೆ ಎಂಬ ಸಂಕೇತ. 100 ಎಂದಿದ್ದರೆ 800 ಕಿಲೋ. ‘ಎಸ್’ ಎಂದರೆ ಗಂಟೆಗೆ 180 ಕಿ.ಮೀ. ವೇಗದ ಮಿತಿ, ‘ಕ್ಯೂ’ ಎಂದರೆ 160. ಹೊಸ ಟೈರಿನ ಭಾರದ ಅಂಕಿ ಹಳೆಯದಕ್ಕಿಂತ ಕಡಿಮೆ ಇರಬಾರದು. ಪಕ್ಕೆಯ ಮೇಲೆ ತಯಾರಿಕೆಯ ವಾರ ಮತ್ತು ವರ್ಷವೂ ನಾಲ್ಕು ಅಂಕಿಗಳಲ್ಲಿ ಇರುತ್ತದೆ. 2324 ಎಂದಿದ್ದರೆ 2024ರ 23ನೇ ವಾರ. ಬಹುಕಾಲ ದಾಸ್ತಾನಿನಲ್ಲಿ ಬಿದ್ದಿದ್ದ ಟೈರನ್ನು ಬೆಲೆ ಕಡಿಮೆಯೆಂದು ಕೊಳ್ಳಬಾರದು.

ರಿಮ್ಮಿಗೆ ಒಪ್ಪುತ್ತದೆಯೇ?

ಒಂದೊಂದು ಅಳತೆಯ ಟೈರಿಗೂ ಇಂತಿಷ್ಟು ಅಗಲದ ರಿಮ್ಮು ಎಂದು ನಿಗದಿಯಿದೆ. ಜಿಮ್ನಿಯ ರಿಮ್ಮಿನ ಅಗಲ ಐದೂವರೆ ಅಂಗುಲ. 215/75 ಆರ್ 15 ಟೈರಿಗೆ ಐದೂವರೆಯಿಂದ ಏಳು ಅಂಗುಲದ ರಿಮ್ಮು ನಡೆಯುತ್ತದೆ. 235/75 ಆರ್ 15ಕ್ಕೆ ಕನಿಷ್ಠ ಆರು ಅಂಗುಲ ಬೇಕು. ಕಿರಿದಾದ ರಿಮ್ಮಿಗೆ ಅಗಲದ ಟೈರನ್ನು ತುರುಕಿದರೆ ಟೈರಿನ ನಡುಭಾಗ ಉಬ್ಬಿ ಅಲ್ಲಿಯೇ ಸವೆಯುತ್ತದೆ. ತಿರುವಿನಲ್ಲಿ ಪಕ್ಕೆ ಹೊರಳುತ್ತದೆ. ಹೀಗಾಗಿ 235ರ ಟೈರನ್ನು ಆರಿಸಿದವರು ರಿಮ್ಮಿಗೂ ಹಣ ತೆರಬೇಕಾಗುತ್ತದೆ. ಹೊಸ ರಿಮ್ಮು ಟೈರನ್ನು ಮಡ್‌ಗಾರ್ಡಿನ ಆಚೆಗೆ ತಳ್ಳಿದರೆ ಬೇರಿಂಗಿನ ಮೇಲೆ ಹೊರೆ ಹೆಚ್ಚುತ್ತದೆ, ಹಿಂದೆ ಬರುವವರ ಮೇಲೆ ಕೆಸರು ಕಲ್ಲು ಸಿಡಿಯುತ್ತದೆ.

ದೊಡ್ಡ ಟೈರಿನಿಂದ ಆಗುವ ನಷ್ಟ

235ರ ಟೈರು ಮೂಲ ಟೈರಿಗಿಂತ ಸುಮಾರು ಶೇಕಡ 6ರಷ್ಟು ದೊಡ್ಡದು. ಇದರ ಪರಿಣಾಮಗಳು ಹೀಗಿವೆ:

1. ವೇಗದ ಮುಳ್ಳು 60 ತೋರಿಸಿದಾಗ ಗಾಡಿ ಓಡುವುದು, ಮುಳ್ಳು ಮೊದಲು ಸರಿಯಾಗಿತ್ತೆಂದುಕೊಂಡರೆ, 63ಕ್ಕಿಂತ ಹೆಚ್ಚು. ದೂರದ ಮೀಟರು ಕಡಿಮೆ ತೋರಿಸುತ್ತದೆ. ಮೀಟರಿನಲ್ಲಿ 560 ಕಿ.ಮೀ. ಆದಾಗ ನಿಜವಾಗಿ ಓಡಿರುವುದು ಸುಮಾರು 593 ಕಿ.ಮೀ. ಪೆಟ್ರೋಲಿನ ಲೆಕ್ಕ ಹಾಕುವಾಗಲೂ ಆಯಿಲು ಬದಲಿಸುವಾಗಲೂ ಇದನ್ನು ನೆನಪಿಡಬೇಕು.

2. ಅದೇ ಎಂಜಿನ್, ಅದೇ ಗೇರಿಗೆ ಚಕ್ರ ದೊಡ್ಡದಾದರೆ ನೆಲದ ಮೇಲಿನ ಎಳೆತ ಶೇಕಡ 5ರಿಂದ 6ರಷ್ಟು ತಗ್ಗುತ್ತದೆ. ಏರಿನಲ್ಲಿ ಕೆಳಗಿನ ಗೇರು ಬೇಕಾಗುತ್ತದೆ. ಕ್ಲಚ್ ಬೇಗ ಸವೆಯುತ್ತದೆ.

3. ಬ್ರೇಕಿನ ಹಿಡಿತಕ್ಕೂ ಇದೇ ಲೆಕ್ಕ. ಪೆಡಲನ್ನು ಅಷ್ಟೇ ಬಲದಿಂದ ಒತ್ತಿದರೆ ಗಾಡಿ ನಿಲ್ಲಲು ಹೆಚ್ಚು ದೂರ ಬೇಕಾಗುತ್ತದೆ. ಟೈರಿನ ತೂಕವೂ ಹೆಚ್ಚಾದರೆ ಇನ್ನಷ್ಟು. ಹಳೆಯದನ್ನೂ ಹೊಸದನ್ನೂ ಒಮ್ಮೆ ತಕ್ಕಡಿಗೆ ಹಾಕಿ ನೋಡುವುದು ಲೇಸು.

4. 50 ಮಿ.ಮೀ. ಸ್ಪ್ರಿಂಗು, 20 ಮಿ.ಮೀ. ಟೈರು ಸೇರಿ ಗಾಡಿಯ ಮೈ 70 ಮಿ.ಮೀ. ಮೇಲಕ್ಕೆ ಹೋಗುತ್ತದೆ, ಚಕ್ರಗಳ ನಡುವಿನ ಅಂತರ ಮಾತ್ರ ಇದ್ದಷ್ಟೇ ಇರುತ್ತದೆ. ಹುಲ್ಲನ್ನು ಎತ್ತರಕ್ಕೆ ಹೇರಿದ ಗಾಡಿ ಬದುವಿನ ಓರೆಯಲ್ಲಿ ಹೇಗೆ ವಾಲುತ್ತದೆಂದು ರೈತರಿಗೆ ತಿಳಿಯದುದಲ್ಲ. ಎತ್ತರಿಸಿದ ಜೀಪಿನ ಮೇಲ್ಛಾವಣಿಯ ಮೇಲೆ ಟೊಮೇಟೊ ಕ್ರೇಟುಗಳನ್ನು ಹೇರುವುದು ಅದಕ್ಕಿಂತ ಅಪಾಯಕರ.

ಯಾವ ಮಣ್ಣಿಗೆ ಯಾವ ಟೈರು?

ಕೆಸರಿನಲ್ಲಿ ಗಾಡಿಯನ್ನು ಮುಂದಕ್ಕೆ ಒಯ್ಯುವುದು ಹೆಚ್ಚಾಗಿ ಟೈರಿನ ಮೈಮೇಲಿನ ಉಬ್ಬುಗಳೇ ಹೊರತು ಎತ್ತರವಲ್ಲ. ಟ್ರ್ಯಾಕ್ಟರಿನ ಹಿಂದಿನ ಟೈರನ್ನು ನೋಡಿದರೆ ಈ ಮಾತು ಮನದಟ್ಟಾಗುತ್ತದೆ. ಜೀಪಿನ ಟೈರುಗಳಲ್ಲಿ ಮುಖ್ಯವಾಗಿ ಮೂರು ಬಗೆ. ಎಚ್.ಟಿ. ಎಂಬುದು ಡಾಂಬರಿಗೆ ತಕ್ಕ ನಯವಾದ ಟೈರು. ಎ.ಟಿ. ಎಂಬುದು ಡಾಂಬರು, ಮಣ್ಣು ಎರಡಕ್ಕೂ ನಡೆಯುವ ಟೈರು. ಎಂ.ಟಿ. ಎಂಬುದು ದೊಡ್ಡ ಉಬ್ಬು, ಅಗಲ ಸಂದುಗಳ ಕೆಸರು ಟೈರು. ಎಂ.ಟಿ. ಟೈರು ಡಾಂಬರಿನ ಮೇಲೆ ಸದ್ದು ಮಾಡುತ್ತದೆ, ಬೇಗ ಸವೆಯುತ್ತದೆ, ಒದ್ದೆ ರಸ್ತೆಯಲ್ಲಿ ಅದರ ಹಿಡಿತವೂ ಕಡಿಮೆ.

ಕನಕಪುರ, ಮಾಗಡಿ ಸುತ್ತಿನ ಕೆಂಪು ಮಣ್ಣಿನಲ್ಲಿ ಮೇಲಿನ ಕೆಸರಿನ ಅಡಿಯಲ್ಲಿ ಗಟ್ಟಿ ನೆಲ ಸಿಗುವುದುಂಟು. ಅಲ್ಲಿ ಅತಿ ಅಗಲದ ಟೈರಿಗಿಂತ ಕೆಸರನ್ನು ಸೀಳಿ ಗಟ್ಟಿ ನೆಲ ಮುಟ್ಟುವ ಕಿರಿದಾದ ಎ.ಟಿ. ಟೈರೇ ಮೇಲು. ಧಾರವಾಡ, ವಿಜಯಪುರ, ರಾಯಚೂರು ಕಡೆಯ ಎರೆ ಮಣ್ಣು ಬೇರೆ ಬಗೆಯದು. ಅದು ಸಂದುಗಳಲ್ಲಿ ತುಂಬಿಕೊಂಡು ಟೈರನ್ನೇ ಮಣ್ಣಿನ ಉಂಡೆ ಮಾಡುತ್ತದೆ. ಅಲ್ಲಿ ಸಂದು ಅಗಲವಿರುವ ಟೈರು ಮಣ್ಣನ್ನು ಕೊಡವಿಕೊಳ್ಳುತ್ತದೆ. ಆದರೆ ಮಳೆ ಬಿದ್ದ ಎರೆ ಹೊಲಕ್ಕೆ ಯಾವ ಟೈರಿನ ಜೀಪನ್ನೂ ಇಳಿಸದಿರುವುದೇ ಸರಿಯಾದ ಕ್ರಮ.

ಇದಕ್ಕೆ ಇನ್ನೊಂದು ಕಾರಣವೂ ಉಂಟು. ಟೈರು ನೆಲವನ್ನು ಒತ್ತುವ ಬಲ ಸುಮಾರಾಗಿ ಅದರೊಳಗಿನ ಗಾಳಿಯ ಒತ್ತಡದಷ್ಟೇ ಇರುತ್ತದೆ. 30 ಪೌಂಡು ಗಾಳಿಯಿದ್ದರೆ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 2 ಕಿಲೋ. ಹಸಿ ಮಣ್ಣು ಈ ಒತ್ತಡಕ್ಕೆ ಗಟ್ಟಿಯಾಗಿ, ನೀರು ಇಂಗುವುದೂ ಬೇರು ಇಳಿಯುವುದೂ ಕಷ್ಟವಾಗುತ್ತದೆ. ಆದ್ದರಿಂದ ಜಮೀನಿನೊಳಗೆ ಜೀಪಿಗೆ ಒಂದೇ ದಾರಿ ಗೊತ್ತುಮಾಡಬೇಕು. ತೀರ ಅಗತ್ಯವಿದ್ದಾಗ ಗಾಳಿಯನ್ನು 20 ಪೌಂಡಿನವರೆಗೆ ಇಳಿಸಿ ನಿಧಾನವಾಗಿ ಸಾಗಬಹುದು, ಹಿಡಿತವೂ ಹೆಚ್ಚುತ್ತದೆ. ಡಾಂಬರಿಗೆ ಏರುವ ಮುನ್ನ ಮತ್ತೆ ಗಾಳಿ ತುಂಬಲೇಬೇಕು. ಇದಕ್ಕಾಗಿ ಗಾಡಿಯಲ್ಲಿ ಒಂದು ಪಂಪು ಇಟ್ಟುಕೊಳ್ಳಬೇಕು.

ಕೂರಿಸಿ ನೋಡುವ ವಿಧಾನ

ಎತ್ತರಿಸಿದ ಗಾಡಿಗೆ ಒಂದೇ ಒಂದು ಟೈರನ್ನು ಮುಂದಿನ ಚಕ್ರಕ್ಕೆ ಹಾಕಿಸಿ ಮೊದಲು ಪರೀಕ್ಷಿಸಬೇಕು. ಟೈರಿನ ಅಂಚಿಗೂ ಪಕ್ಕೆಗೂ ಸುಣ್ಣ ಬಳಿದು, ಸ್ಟೀರಿಂಗನ್ನು ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಬೇಕು. ಬಳಿಕ ಆ ಚಕ್ರವನ್ನು ಒಂದು ದಿಬ್ಬಕ್ಕೆ ಹತ್ತಿಸಿ ಸ್ಪ್ರಿಂಗು ಕುಗ್ಗುವಂತೆ ಮಾಡಿ ಮತ್ತೆ ತಿರುಗಿಸಬೇಕು. ಮಡ್‌ಗಾರ್ಡು, ಬಂಪರು, ಛಾಸಿ, ಇವುಗಳಲ್ಲಿ ಎಲ್ಲಿ ಸುಣ್ಣ ಅಂಟಿದೆಯೋ ಅಲ್ಲಿ ಟೈರು ಉಜ್ಜುತ್ತದೆ ಎಂದರ್ಥ. ಸಮನೆಲದಲ್ಲಿ ನಿಂತಾಗ ಕಾಣುವ ಅಂತರವನ್ನು ನಂಬಬಾರದು.

ನಾಲ್ಕು ಟೈರುಗಳೂ ಒಂದೇ ಸುತ್ತಳತೆಯವೇ ಎಂದು ನೋಡಲು, ಟೈರಿಗೂ ನೆಲಕ್ಕೂ ಒಂದೊಂದು ಗುರುತು ಹಾಕಿ ಗಾಡಿಯನ್ನು ಒಂದು ಸುತ್ತು ತಳ್ಳಿ ಅಳೆಯಬೇಕು. ನಾಲ್ಕು ಚಕ್ರದ ಎಳೆತ ಹಾಕಿದಾಗ ಹಿಂದಿನ ಮುಂದಿನ ಟೈರುಗಳಲ್ಲಿ ವ್ಯತ್ಯಾಸವಿದ್ದರೆ ಗೇರುಗಳ ಮೇಲೆ ಬಿಗಿತ ಬೀಳುತ್ತದೆ. ಆದ್ದರಿಂದ ಸ್ಟೆಪ್ನಿಯೂ ಅದೇ ಅಳತೆಯದಿರಬೇಕು. ಕೊನೆಗೆ ವೀಲ್ ಅಲೈನ್‌ಮೆಂಟ್ ಮಾಡಿಸಿ, ಎದುರಿನವರ ಕಣ್ಣಿಗೆ ಹೊಡೆಯದಂತೆ ಹೆಡ್‌ಲೈಟನ್ನು ತಗ್ಗಿಸಬೇಕು. ಬ್ರೇಕ್ ಪೈಪುಗಳು ಎಳೆದುಕೊಂಡಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು.

ಕಾನೂನಿನ ಮಾತು

1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಮಿನಂತೆ, ನೋಂದಣಿ ಪತ್ರದಲ್ಲಿರುವ ವಿವರ ತಯಾರಕರು ಮೂಲದಲ್ಲಿ ಗೊತ್ತುಪಡಿಸಿದ ವಿವರಕ್ಕಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಈ ನಿಯಮವನ್ನು ಎತ್ತಿಹಿಡಿದಿದೆ. 2019ರ ತಿದ್ದುಪಡಿಯಂತೆ ಅನುಮತಿಯಿಲ್ಲದ ಒಂದೊಂದು ಮಾರ್ಪಾಡಿಗೂ ಐದು ಸಾವಿರ ರೂಪಾಯಿ ದಂಡ, ಇಲ್ಲವೆ ಆರು ತಿಂಗಳವರೆಗೆ ಸೆರೆವಾಸ, ಇಲ್ಲವೆ ಎರಡನ್ನೂ ವಿಧಿಸಬಹುದು. ಆದ್ದರಿಂದ ಸ್ಪ್ರಿಂಗಿಗೂ ಟೈರಿಗೂ ಕೈ ಹಾಕುವ ಮುನ್ನ ಸಾರಿಗೆ ಕಚೇರಿಯಲ್ಲಿ ವಿಚಾರಿಸಬೇಕು. ವಿಮಾ ಕಂಪನಿಗೂ ಬರವಣಿಗೆಯಲ್ಲಿ ತಿಳಿಸಬೇಕು. ಅಪಘಾತವಾದ ಮೇಲೆ ಪರಿಹಾರದ ಅರ್ಜಿಗೆ ತಕರಾರು ಬಂದರೆ ಆಗ ಮಾಡಬಹುದಾದುದು ಕಡಿಮೆ.

ಒಂದು ಉದಾಹರಣೆ

ಕತ್ರಿಗುಪ್ಪೆಯಲ್ಲಿ ಮನೆ, ಹಾರೋಹಳ್ಳಿಯ ಬಳಿ ಎರಡು ಎಕರೆ ಜಮೀನು ಇರುವ ಒಂದು ಕುಟುಂಬವನ್ನು ಊಹಿಸಿಕೊಳ್ಳಬಹುದು. ವಾರಕ್ಕೊಮ್ಮೆ ಹೋಗಿಬರಲು ಸುಮಾರು 70 ಕಿ.ಮೀ. ಅದರಲ್ಲಿ ಮಣ್ಣಿನ ದಾರಿ 2 ಕಿ.ಮೀ. ಮಾತ್ರ, ಜೀಪು ಸಿಕ್ಕಿಕೊಳ್ಳುವುದು ಅದರಲ್ಲಿಯೂ ನೀರು ನಿಲ್ಲುವ ಹತ್ತು ಮಾರು ಜಾಗದಲ್ಲಿ. ಆ ಹತ್ತು ಮಾರಿಗಾಗಿ ಉಳಿದ ದಾರಿಯಲ್ಲೆಲ್ಲ ಬ್ರೇಕನ್ನೂ ಸಮತೋಲವನ್ನೂ ಕಡಿಮೆ ಮಾಡಿಕೊಳ್ಳುವುದು ಜಾಣತನವಲ್ಲ. ಈ ಕುಟುಂಬಕ್ಕೆ ಮೂಲ ಅಳತೆಯಲ್ಲಿಯೇ ಎ.ಟಿ. ಟೈರು ಸಾಕು. ಆ ಅಳತೆಯಲ್ಲಿ ಒಳ್ಳೆಯ ಟೈರು ಸಿಗದಿದ್ದರೆ, ಮೇಲಿನ ಪರೀಕ್ಷೆಯಲ್ಲಿ ಎಲ್ಲಿಯೂ ಉಜ್ಜದಿದ್ದರೆ, ಸಾರಿಗೆ ಕಚೇರಿಯ ಅಡ್ಡಿಯೂ ಇಲ್ಲದಿದ್ದರೆ 215/75 ಆರ್ 15ರವರೆಗೆ ಹೋಗಬಹುದು. 235ರ ಟೈರು, ಹೊಸ ರಿಮ್ಮುಗಳಿಗೆ ತೆಗೆದಿರಿಸಿದ ಹಣದಲ್ಲಿ ಆ ತಗ್ಗಿಗೆ ಒಂದು ಬಸಿಗಾಲುವೆ ತೋಡಿಸಿ, ಒಂದೆರಡು ಲೋಡು ಗ್ರಾವೆಲ್ ಹರಡಿಸುವುದು ಲೇಸು. ಟೈರು ಸವೆದುಹೋಗುತ್ತದೆ, ದಾರಿ ಉಳಿಯುತ್ತದೆ, ನೆರೆಯ ಜಮೀನಿನವರಿಗೂ ಒದಗುತ್ತದೆ.

ನೆನಪಿಡಬೇಕಾದ ಅಂಶಗಳು

1. ಸ್ಪ್ರಿಂಗು ಗಾಡಿಯ ಮೈಯನ್ನು ಎತ್ತುತ್ತದೆ. ಗಟ್ಟಿ ಆಕ್ಸಲನ್ನು ಎತ್ತುವುದು ಟೈರು ಮಾತ್ರ, ಅದೂ ಅರ್ಧ ಲೆಕ್ಕದಲ್ಲಿ.
2. ಮೊದಲು ಟೈರಿನ ಬಗೆ ಬದಲಿಸಬೇಕು. ಅದು ಸಾಲದಿದ್ದರೆ ಮಾತ್ರ ಅಳತೆಯ ಯೋಚನೆ ಮಾಡಬೇಕು.
3. ರಿಮ್ಮಿನ ಅಗಲ, ಭಾರದ ಅಂಕಿ, ತಯಾರಿಕೆಯ ವಾರ ಮತ್ತು ವರ್ಷವನ್ನು ಅಂಗಡಿಯಲ್ಲಿಯೇ ಓದಿ ನೋಡಬೇಕು.
4. ಐದು ಟೈರುಗಳೂ ಒಂದೇ ಅಳತೆಯವಿರಬೇಕು.
5. ಸಂದುಗಳ ತಳದಲ್ಲಿರುವ 1.6 ಮಿ.ಮೀ. ಎತ್ತರದ ಗುರುತಿನ ಮಟ್ಟಕ್ಕೆ ಉಬ್ಬುಗಳು ಸವೆದು ಬಂದರೆ ಟೈರನ್ನು ಬದಲಿಸಬೇಕು.